ಯಾವ ಆಟ ಅಂತ ಮೊದಲು ಹೇಳಿ

ರಾಯದುರ್ಗದ ಗೆಳೆಯನ ಫೋನು. ಜೀನ್ಸ್ ಹೊಲಿಸುವ ಕಸುಬು, ಈ ಸಲ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. “ಅಣ್ಣಾ, ಮನ್ಯಾಗೇ ವಿಡಿಯೋ ಗೇಮ್ ಪೆಟ್ಟಿಗೆ ಮಾಡಿಸ್ತೀನಿ. ಐ7 ತಗಳ್ಲಾ, ಐ9 ತಗಳ್ಲಾ?”

“ಯಾವ ಆಟ?”

“ಇನ್ಯಾವುದು, ಮುಸ್ತಫಾ!”

ಅದೇ ವಾರ ಮಡಕಶಿರಾದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: “ಮೊಮ್ಮಗಳಿಗೆ ಪ್ಯಾಕ್‌ಮ್ಯಾನ್ ಆಡಿಸಬೇಕು. ಎಂಥ ಕಂಪ್ಯೂಟರ್ ತರಲಿ?”

ಇಬ್ಬರಿಗೂ ಕಂಪ್ಯೂಟರಿನ ಚಿಂತೆ. ತಮಾಷೆಯೆಂದರೆ ಇಬ್ಬರಿಗೂ ಒಂದೇ ಕಂಪ್ಯೂಟರ್ ಸಾಕು, ಬೇರೆಯಾಗಬೇಕಾದದ್ದು ಉಳಿದದ್ದೆಲ್ಲ.

ಇಂಥ ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಮೇಮ್ ತಂತ್ರಾಂಶವನ್ನು 1997ರಲ್ಲಿ ಹೊರತಂದವರು ಇಟಲಿಯ ನಿಕೋಲಾ ಸಾಲ್ಮೋರಿಯಾ. ಅದು ಹಳೆಯ ಬೋರ್ಡಿನ ಒಂದೊಂದು ಚಿಪ್ಪಿನ ವೇಷವನ್ನೂ ಕಟ್ಟಿ ಕುಣಿಯುತ್ತದೆ. ಪಾತ್ರಕ್ಕಿಂತ ವೇಷಧಾರಿ ಹೆಚ್ಚು ಬೆವರಬೇಕು. ಹಾಗಾಗಿ ಸುಮಾರು 3 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ 1980ರ ಪ್ಯಾಕ್‌ಮ್ಯಾನ್‌ಗೂ ಅದರ ಎಷ್ಟೋ ಪಟ್ಟು ವೇಗದ ಯಂತ್ರ ಬೇಕು. ಆದರೆ ಈ ಬೆವರು ಹೆಚ್ಚಾಗಿ ಒಂದೇ ಕೋರ್‌ನದು. ಐ9ರ ಉಳಿದ ಕೋರ್‌ಗಳು ಪಕ್ಕದಲ್ಲಿ ಕೂತು ಆಟ ನೋಡುತ್ತವೆ. ದುಬಾರಿ ಗ್ರಾಫಿಕ್ಸ್ ಕಾರ್ಡಿಗೂ ಇಲ್ಲಿ ಅಂಥ ಕೆಲಸವಿಲ್ಲ. ಆಫೀಸಿನಿಂದ ಹೊರಬಿದ್ದ ನಾಲ್ಕನೇ ತಲೆಮಾರಿನ ಐ5 ಡೆಸ್ಕ್‌ಟಾಪ್, ಜೊತೆಗೊಂದು ಎಸ್‌ಎಸ್‌ಡಿ ಸಾಕು. ಬಳ್ಳಾರಿಯಲ್ಲೋ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಸೆಕೆಂಡ್‌ಹ್ಯಾಂಡ್ ನೋಡಿ. ಡೇಟೋನಾ ಯುಎಸ್‌ಎಯಂಥ ಮೂರು ಆಯಾಮದ ಆಟ ಬೇಕೆಂದರೆ ಮಾತ್ರ ಲೆಕ್ಕ ಬೇರೆ.

ಈಗ ಗೆಳೆಯನ ಮುಸ್ತಫಾ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’, ಕ್ಯಾಪ್‌ಕಾಮ್ ಕಂಪನಿಯ 1993ರ ಆಟ. ನಾಲ್ವರು ನಾಯಕರಲ್ಲಿ ಹಳದಿ ಟೋಪಿಯ ಮುಸ್ತಫಾನೇ ನಮ್ಮವರಿಗೆ ಅಚ್ಚುಮೆಚ್ಚಾಗಿ, ಆಟಕ್ಕೇ ಅವನ ಹೆಸರು ನಿಂತಿತು. ಒಟ್ಟಿಗೆ ಮೂವರು ಆಡಬಹುದು. ಹೊಡೆಯಲು ಒಂದು ಬಟನ್, ಹಾರಲು ಒಂದು. ಅಂದರೆ ಇವನ್ನೆಲ್ಲ ಕೂರಿಸುವ ಪ್ಲೈವುಡ್ ಹಲಗೆ ಅಗಲವಾಗಿರಬೇಕು, ಮೂರು ಅಡಿಗಿಂತ ಕಡಿಮೆಯಾದರೆ ಮೊಣಕೈಗಳೇ ಕುಸ್ತಿಗೆ ಬೀಳುತ್ತವೆ. ಜಾಯ್‌ಸ್ಟಿಕ್ ಎಂಟು ದಿಕ್ಕಿನದು. ಪರದೆ ಅಡ್ಡಕ್ಕೆ. ಮೂವರು ಮೂರು ಕೋನದಿಂದ ನೋಡುವುದರಿಂದ ಐಪಿಎಸ್ ಪ್ಯಾನೆಲ್ಲೇ ಆಗಬೇಕು, ಇಲ್ಲದಿದ್ದರೆ ಪಕ್ಕದವನ ಕಣ್ಣಿಗೆ ಬಣ್ಣ ಮಂಕು.

ಮೇಷ್ಟ್ರ ಪ್ಯಾಕ್‌ಮ್ಯಾನ್ ನಿಂತ ಪರದೆಯ ಆಟ: ಅಗಲ 224 ಚುಕ್ಕಿ, ಎತ್ತರ 288. ಗುಜರಿಗೆ ಹಾಕಲು ಹೊರಟಿರುವ 17 ಇಂಚಿನ ಚೌಕದಂಥ ಮಾನಿಟರ್ ಇದೆಯಲ್ಲ, 1280×1024ರದು, ಅದನ್ನು ಉದ್ದಕ್ಕೆ ನಿಲ್ಲಿಸಿ. ಪ್ರತಿ ಚುಕ್ಕಿಯನ್ನೂ ಸರಿಯಾಗಿ ನಾಲ್ಕು ಪಟ್ಟು ಹಿಗ್ಗಿಸಿದರೆ 896×1152. ಒಂದು ಚುಕ್ಕಿಯೂ ಸೊಟ್ಟಗಾಗದೆ ಕೂರುತ್ತದೆ. ಜಾಯ್‌ಸ್ಟಿಕ್ ಮಾತ್ರ ನಾಲ್ಕೇ ದಿಕ್ಕಿನದಿರಲಿ. ಎಂಟು ದಿಕ್ಕಿನದರಲ್ಲಿ ಕೈ ಓರೆಗೆ ಜಾರಿ, ತಿರುವಿನಲ್ಲಿ ಪ್ಯಾಕ್‌ಮ್ಯಾನ್ ತಬ್ಬಿಬ್ಬಾಗುತ್ತದೆ. ಬೈಗುಳ ಕಂಪ್ಯೂಟರಿಗೆ ಬೀಳುತ್ತದೆ.

ಇಬ್ಬರಿಗೂ ಒಂದು ಎಚ್ಚರಿಕೆ: ಮನೆಯ ದೊಡ್ಡ ಟಿವಿಯನ್ನು ಪೆಟ್ಟಿಗೆಗೆ ತುರುಕಬೇಡಿ. ಆಟ ಸೆಕೆಂಡಿಗೆ 60ರಂತೆ ಚಿತ್ರ ಬಿಡುತ್ತದೆ, ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಟಿವಿ ಚಿತ್ರವನ್ನು ನುಣುಪು ಮಾಡುತ್ತ ಕೂತರೆ ಐದಾರು ಚಿತ್ರ ಕಳೆದಿರುತ್ತವೆ. ನೀವು ಗುದ್ದುವಷ್ಟರಲ್ಲಿ ಏಟು ತಿಂದಾಗಿರುತ್ತದೆ. ಟಿವಿಯೇ ಗತಿಯೆಂದರೆ ‘ಗೇಮ್ ಮೋಡ್’ ಹಾಕಿ. ಇನ್ನು ಬಿಸಿಲುಸೀಮೆಯ ಪಾಠ. ಏಪ್ರಿಲ್‌ನಲ್ಲಿ ಮುಚ್ಚಿದ ಪೆಟ್ಟಿಗೆ ಇಟ್ಟಿಗೆ ಗೂಡೇ ಸರಿ. ಕೆಳಗೆ ಗಾಳಿಕಿಂಡಿ, ಮೇಲೆ ಬಿಸಿ ಎಳೆಯುವ ಫ್ಯಾನು, ಕಿಂಡಿಗೊಂದು ಜಾಲರಿ ಇರಲಿ. ಹೊಲಿಗೆಯ ಮನೆಯಲ್ಲಿ ಹತ್ತಿಯ ನವಿರು ಫ್ಯಾನಿಗೆ ಕಂಬಳಿ ಹೊದಿಸಿಬಿಡುತ್ತದೆ. ಕರೆಂಟಿಗೆ ಸಣ್ಣ ಯುಪಿಎಸ್.

ಕಣ್ಣಿಗೂ ಕೈಗೂ ತಾಗುವ ಕಡೆ ದುಡ್ಡು ಸುರಿಯಿರಿ, ಒಳಗೆ ಕೂತದ್ದಕ್ಕೆ ಸಾಕಷ್ಟೇ ಕೊಡಿ.

ಗೆಳೆಯನಿಗೆ ಇಷ್ಟನ್ನೂ ಒದರಿ, “ಮೂರು ಜಾಯ್‌ಸ್ಟಿಕ್ ಅಂದ್ನಲ್ಲ, ಆಡೋರು ಯಾರ್ಯಾರು?” ಅಂದೆ.

“ನಾನು, ನನ್ ಮಗ. ಮೂರನೇದು ನಿಂದು. ಬರೋವಾಗ ಚಿಲ್ರೆ ತಗಂಡ್ ಬಾ.”