ಬ್ಲಾಕ್ ಮೇಲಿನ ಅಂಕಿ

ಹಳೆಯ ದೋಣಿ ಇಂಜಿನ್ ಸಿಕ್ಕಾಗ ಮೊದಲು ಬೇಕಾಗುವುದು ತಂತಿ ಬ್ರಷ್ಷು ಮತ್ತು ಟಾರ್ಚು. ಸ್ಪ್ಯಾನರಿನ ಸರದಿ ಆಮೇಲೆ. ಮಾಲೀಕರು ಬದಲಾದಂತೆಲ್ಲ ಬಣ್ಣ ಬದಲಾಗಿರುತ್ತದೆ, ತಗಡಿನ ಫಲಕ ಉದುರಿಹೋಗಿರುತ್ತದೆ. ಬ್ಲಾಕ್ ಮೇಲೆ ಒತ್ತಿದ ಅಂಕಿ ಮಾತ್ರ ತುಕ್ಕಿನಡಿಯಲ್ಲೂ ಉಳಿದಿರುತ್ತದೆ.

ಜಗತ್ತಿನ ನಾನಾ ಬಂದರುಗಳ ಸಣ್ಣ ದೋಣಿ, ಹಾಯಿದೋಣಿಗಳಲ್ಲಿ ಕೂತ ಇಂಗ್ಲೆಂಡಿನ ಪರ್ಕಿನ್ಸ್ 4.108 ಇದಕ್ಕೆ ಒಳ್ಳೆಯ ಉದಾಹರಣೆ. 4 ಅಂದರೆ ಸಿಲಿಂಡರುಗಳ ಸಂಖ್ಯೆ, 108 ಅಂದರೆ ಘನ ಇಂಚಿನ ಲೆಕ್ಕದ ಗಾತ್ರ, ಸುಮಾರು 1.76 ಲೀಟರ್. ಹಳೆಯವುಗಳ ನಂಬರು 108 ಎಂದೇ ಶುರುವಾಗುತ್ತದೆ, ಈಚಿನವುಗಳದು ಇ, ಡಿ ಎಂಬ ಎರಡು ಅಕ್ಷರಗಳಿಂದ. ಅದನ್ನು ಓದದೆ ಸಾಮಾನು ತರಿಸಿದರೆ ದುಡ್ಡು ನೀರುಪಾಲು. ಯಾಕೆಂದರೆ ಇದರ ಒಡಹುಟ್ಟು 4.107ಕ್ಕೂ ಬೋರು ಅದೇ 79.4 ಮಿಲಿಮೀಟರ್, ಸ್ಟ್ರೋಕ್ ಅದೇ 88.9. ವ್ಯತ್ಯಾಸ ಒಳಗಿದೆ: 4.107ರ ಲೈನರಿನ, ಅಂದರೆ ಸಿಲಿಂಡರಿನ ಒಳಕೊಳವೆಯ, ಹೊರಮೈಗೆ ತಂಪಿನ ನೀರು ನೇರವಾಗಿ ತಾಗುತ್ತದೆ, 4.108ರದು ಬ್ಲಾಕಿನೊಳಗೆ ಬಿಗಿದು ಕೂತ ಒಣ ಲೈನರು.

ಇದೇ ಬ್ಲಾಕು ನೆಲದ ಮೇಲಿನ ಗಾಡಿಗಳಲ್ಲೂ ಓಡಿದೆ. ಹಾಗಾಗಿ ಪಿಸ್ಟನ್, ರಿಂಗು, ಬೇರಿಂಗುಗಳ ಚಿಂತೆ ಕಡಿಮೆ. ದೋಣಿಗೆಂದೇ ಮಾಡಿದ ಭಾಗಗಳು, ಅಂದರೆ ನೀರು ಸುತ್ತುವ ಎಕ್ಸಾಸ್ಟ್ ಮ್ಯಾನಿಫೋಲ್ಡು, ಹೀಟ್ ಎಕ್ಸ್‌ಚೇಂಜರು, ಉಪ್ಪುನೀರಿನ ಪಂಪು, ಗೇರ್‌ಬಾಕ್ಸು, ಇವೇ ದುಬಾರಿ. ಉಪ್ಪು ತಿನ್ನುವುದೂ ಇವನ್ನೇ. ಕೊಳ್ಳುವ ಮುಂಚೆ ಮ್ಯಾನಿಫೋಲ್ಡನ್ನು ಬಿಚ್ಚಿ ನೋಡುವುದು ಒಳ್ಳೆಯದು. ಅದು ಒಳಗೇ ತೂತಾಗಿದ್ದರೆ ನೀರು ಸಿಲಿಂಡರಿಗೆ ಇಳಿದಿರುತ್ತದೆ.

ಆ ಕಾರಣಕ್ಕೇ ಸ್ಟಾರ್ಟರ್ ಒತ್ತುವ ಆತುರ ಬೇಡ. ನೀರು ಕುಗ್ಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡು. ಇಂಜೆಕ್ಟರುಗಳನ್ನು ತೆಗೆದು, ಆ ತೂತುಗಳಿಂದ ತುಸು ತೆಳು ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಬಿಡಬೇಕು. ಆಮೇಲೆ ಕ್ರ್ಯಾಂಕಿನ ಮುಂದಿನ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಕದಲಿಸುವುದು, ಬಿಡುವುದು, ಮತ್ತೆ ಕದಲಿಸುವುದು. ಕಚ್ಚಿಕೊಂಡ ರಿಂಗು ಸಡಿಲವಾಗುವ ಗಳಿಗೆ ಕೈಗೇ ಗೊತ್ತಾಗುತ್ತದೆ. ಈ ಹಂತದಲ್ಲಿ ಸುತ್ತಿಗೆ ಹಿಡಿದವರೇ ಹೆಚ್ಚು ಇಂಜಿನ್‌ಗಳನ್ನು ಗುಜರಿಗೆ ಕಳಿಸಿದ್ದು.

ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆಯೆಂದೇ ಅರ್ಥ. ಸಿಂಗಾಪುರದಂಥ ಊರಿನ ಸೆಕೆಯಲ್ಲಿ ಟ್ಯಾಂಕಿನ ತಳದ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಟ್ಯಾಂಕ್ ತೊಳೆಯದೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಇಂಜೆಕ್ಟರುಗಳನ್ನು ಪರೀಕ್ಷೆಗೆ ಕೊಡಬೇಕು: ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ಆ ಸಿಂಚನಕ್ಕೆ ಬೆರಳೊಡ್ಡಿದರೆ ಚರ್ಮ ತೂರಿ ಒಳಹೋಗುತ್ತದೆ. ಮರುಜೋಡಣೆಯಲ್ಲಿ ಹೊಸ ತಾಮ್ರದ ವಾಷರು, ಉಪ್ಪುನೀರಿನ ಪಂಪಿಗೆ ಹೊಸ ರಬ್ಬರ್ ಇಂಪೆಲ್ಲರು. ಟ್ಯಾಪೆಟ್ ಗ್ಯಾಪು ತಣ್ಣಗಿರುವಾಗ 0.30 ಮಿಲಿಮೀಟರ್.

ಗೇರ್‌ಬಾಕ್ಸ್ ಸೇರಿ ಸುಮಾರು 200 ಕಿಲೋ ತೂಗುವ ಈ ಇಂಜಿನನ್ನು ಸಿಂಗಾಪುರದ ಹೌಗಾಂಗ್ ಬಡಾವಣೆಯ ಎಚ್‌ಡಿಬಿ (ಸರ್ಕಾರಿ ವಸತಿ) ಫ್ಲ್ಯಾಟಿಗೆ ಏರಿಸುವ ಹಾಗಿಲ್ಲ. ಅಲ್ಲಿ ಇಂಥ ಕೆಲಸದ ಸಹಜ ನೆಲೆ ಡೆಫು ಲೇನ್ ಕಡೆಯ ವರ್ಕ್‌ಶಾಪುಗಳು. ಗಟ್ಟಿ ಸ್ಟ್ಯಾಂಡಿಗೆ ಬೋಲ್ಟ್ ಮಾಡಿ, ಬಕೆಟ್ಟಿನಿಂದ ನೀರು ಕೊಟ್ಟು, ಡೀಸೆಲ್ ಲೈನಿನ ಗಾಳಿ ಪೂರ್ತಿ ತೆಗೆದ ಮೇಲೆ ಚಾಲು ಮಾಡುವುದು. ವೇಗ ಕೈಮೀರಿ ಏರಿದರೆ ಗಾಳಿಯ ಬಾಯಿ ಮುಚ್ಚಲು ದಪ್ಪ ಹಲಗೆಯೊಂದು ಪಕ್ಕದಲ್ಲಿರಬೇಕು. ಬಿಳಿ ಹೊಗೆ ಕೆಲ ನಿಮಿಷಗಳಲ್ಲಿ ತಿಳಿಯಾದರೆ ಸರಿ. ನೀಲಿ ಹೊಗೆ ನಿಲ್ಲದಿದ್ದರೆ ರಿಂಗಿನ ಕಡೆ ಮತ್ತೆ ಗಮನ ಕೊಡಬೇಕು.

ಒಂದು ಗಂಟೆ ಓಡಿಸಿ, ಬಿಸಿಯಿರುವಾಗಲೇ ಎಣ್ಣೆ ಇಳಿಸಿದರೆ ಒಳಗಿನ ಕೆಸರೂ ಜೊತೆಗೇ ಬರುತ್ತದೆ. ಅದನ್ನು ಡಬ್ಬಿಗೆ ಹಿಡಿದು, ಹಳೆ ಎಣ್ಣೆ ಪಡೆಯುವವರಿಗೇ ಒಪ್ಪಿಸಬೇಕು, ಚರಂಡಿಗೆ ಒಂದು ಹನಿಯೂ ಹೋಗಬಾರದು. ಯಾಕೆಂದರೆ ಒಂದು ಕಾಲಕ್ಕೆ ಕಾಂಗ್‌ಕಾರ್ ಹಳ್ಳಿಯ ತಿಯೋಚೂ ಚೀನೀ ಮೀನುಗಾರರು ದೋಣಿ ಕಟ್ಟಿ ನಿಲ್ಲಿಸುತ್ತಿದ್ದ, ಅಲ್ಲೇ ಹತ್ತಿರದ ಸೆರಂಗೂನ್ ನದಿ 2011ರಿಂದ ಕುಡಿಯುವ ನೀರಿನ ಜಲಾಶಯ.