ಮತ್ತೋಡಿನ ಬಳೆಗಾಜು

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮತ್ತೋಡಿಗೆ ಬಂದಾಗ ಅಲ್ಲಿ ಗಾಜು ಕರಗುತ್ತಿತ್ತು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ಬರೆದುಕೊಂಡು ಬರಲು ಕಂಪನಿ ಸರ್ಕಾರ ಕಳಿಸಿದ್ದ ವೈದ್ಯ ಆತ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಈ ಊರಿನಲ್ಲಿ ಅವನು ಕಂಡದ್ದು ಊರಗೋಡೆಯ ಒಳಮೈಗೆ ಒತ್ತಿಕೊಂಡ ಎತ್ತರದ ಜಗುಲಿ, ಅದರಲ್ಲಿ ಗುಮ್ಮಟದಂಥ ಕುಲುಮೆಗಳು, ಕುಲುಮೆಯೊಳಗೆ ಬಳೆಗೆಂದು ಕಾಯುತ್ತಿದ್ದ ಗಾಜು. ಬಣ್ಣ ಐದು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಗಿರಾಕಿ ಹೆಚ್ಚು ಮೊದಲೆರಡಕ್ಕೆ. ಬೇಕಾದ ಸಾಮಾನೆಲ್ಲ ಸುತ್ತಲ ನೆಲದಲ್ಲೇ ಸಿಗುತ್ತಿತ್ತು.

ಆ ಸಾಮಾನಿನಲ್ಲಿ ಮೊದಲನೆಯದು ಚೌಳು. ಹೊಸದುರ್ಗ, ಹಿರಿಯೂರು ಕಡೆಯ ಒಣಸೀಮೆಯಲ್ಲಿ ಬಿಸಿಲು ಬಲಿತಾಗ ತಗ್ಗಿನ ಹೊಲಗಳ ಮೇಲೆ ಬೆಳ್ಳನೆಯ ಪುಡಿ ಅರಳುವುದನ್ನು ನೀವೂ ನೋಡಿರಬಹುದು. ರೈತನಿಗೆ ಅದು ಕಂಟಕ, ಬಿತ್ತಿದ್ದು ಮೊಳೆಯದು. ಮಡಿವಾಳರಿಗೆ ಒಂದು ಕಾಲಕ್ಕೆ ಅದೇ ಸೋಪು. ನೆಲದೊಳಗಿನ ನೀರು ಸೋಡಾದಂಥ ಲವಣ ಕರಗಿಸಿಕೊಂಡು ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲೇರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ. ನೀರು ಹೋಯಿತು, ಹೊತ್ತು ತಂದದ್ದು ಉಳಿಯಿತು. ಇದರಲ್ಲಿ ಹೊಸ ವಸ್ತು ಯಾವುದೂ ಹುಟ್ಟಿಲ್ಲ. ಸೋಡಾ ನೆಲದ ಕೆಳಗೂ ಸೋಡಾ, ಮೇಲೆ ಬಂದ ಮೇಲೂ ಸೋಡಾ. ಒಂದು ಮಳೆ ಬಿದ್ದರೆ ಕರಗಿ ಮತ್ತೆ ಇಳಿಯುತ್ತದೆ. ಬೇಸಿಗೆಯ ಬೆಳಗಿನಲ್ಲಿ ಅಂಥ ಹೊಲದ ಬದುವಿನ ಮೇಲೆ ನಿಂತು ನೋಡಿ. ಹಿಮ ಬೀಳದ ನಾಡಿನಲ್ಲಿ ಹಿಮ ಬಿದ್ದಂತೆ ಕಾಣುತ್ತದೆ.

ಎರಡನೆಯದು ಬೆಣಚುಕಲ್ಲು. ಬಿಳಿ, ಗಟ್ಟಿ, ಹಟಮಾರಿ. ಅದೊಂದನ್ನೇ ಕರಗಿಸಲು 1,700 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು. ಕಟ್ಟಿಗೆಯ ಕುಲುಮೆ ಅಲ್ಲಿಗೆ ಏರುವುದಿಲ್ಲ. ಅದೇ ಕಲ್ಲಿನ ಪುಡಿಗೆ ಚೌಳಿನ ಸೋಡಾ ಬೆರೆಸಿ ಕಾಯಿಸಿದರೆ ನೂರಾರು ಡಿಗ್ರಿ ಮೊದಲೇ ಸೋಲುತ್ತದೆ. ಸೋಡಾದಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ, ಉಳಿದ ಸೋಡಿಯಂ ಕಲ್ಲಿನ ಸಿಲಿಕಾ ಜಾಲದೊಳಗೆ ನುಗ್ಗಿ ಅದರ ಕೊಂಡಿಗಳನ್ನು ಅಲ್ಲಲ್ಲಿ ಕಡಿಯುತ್ತದೆ. ಇದು ರಾಸಾಯನಿಕ ಬದಲಾವಣೆ. ಮೂಸೆಯಲ್ಲಿ ಈಗ ಚೌಳೂ ಇಲ್ಲ, ಬೆಣಚೂ ಇಲ್ಲ. ಹೊಲವನ್ನು ಬರಡು ಮಾಡಿದ ಪುಡಿ, ಉಕ್ಕಿಗೂ ಬಗ್ಗದ ಕಲ್ಲನ್ನು ಪಾಯಸ ಮಾಡಿತು.

ಬಳೆಯ ಬಾಳಿನಲ್ಲಿ ಇಂಥ ಮಾರ್ಪಾಟು ನಡೆಯುವುದು ಕುಲುಮೆಯ ಈ ಹಂತದಲ್ಲಷ್ಟೇ. ಮುಂದಿನದೆಲ್ಲ ಕರಗುವುದು, ಗಟ್ಟಿಯಾಗುವುದು, ಒಡೆಯುವುದು. ಒಡೆದ ಚೂರನ್ನು ಮೂಸೆಗೆ ಹಾಕಿದರೆ ಅದೇ ಗಾಜು ಮತ್ತೆ ಸಿದ್ಧ. ರಾಸಾಯನಿಕ ಬದಲಾವಣೆ ಸಾಮಾನ್ಯವಾಗಿ ಹಾಗೆ ಸುಲಭವಾಗಿ ಹಿಂದಿರುಗದು: ಹೊಳಲ್ಕೆರೆಯ ಅಡಿಕೆ ಚೊಗರಿನಲ್ಲಿ ಬೆಂದು ಕೆಂಪಾದ ಮೇಲೆ ಹಸಿಯಾಗದು. ಹಿರಿಯೂರಿನ ಮಾರಿಕಣಿವೆಯ ದಾರಿ ಇನ್ನೊಂದು ಬಗೆ: 1898ರಿಂದ 1907ರವರೆಗೆ ಕಟ್ಟಿದ ಆ ಅಣೆಕಟ್ಟೆಗೆ ಬಳಸಿದ ಸುಣ್ಣ ಭಟ್ಟಿಯಲ್ಲಿ ಸುಟ್ಟ ಸುಣ್ಣಕಲ್ಲು. ಸುಡುವಾಗ ಬಿಟ್ಟುಕೊಟ್ಟ ಅನಿಲವನ್ನೇ ಗಾಳಿಯಿಂದ ಹೀರಿಕೊಂಡು ಗಾರೆಯಲ್ಲಿ ಮೆಲ್ಲಮೆಲ್ಲಗೆ ಮತ್ತೆ ಕಲ್ಲಾಗುವುದು ಸುಣ್ಣದ ಗುಣ. ಗಾಜು ಹಾಗೆ ಮತ್ತೆ ಚೌಳು, ಬೆಣಚು ಆಗಿ ಹಿಂದಕ್ಕೆ ತಿರುಗುವುದಿಲ್ಲ.

ಈಗ ನಿಜವಾದ ಸೊಗಸಿಗೆ ಬರೋಣ. ಕರಗಿದ ಗಾಜು ಆರುವಾಗ ಏನಾಗುತ್ತದೆ? ಸಕ್ಕರೆ ಪಾಕ ಬಲ್ಲವರಿಗೆ ಗೊತ್ತು. ತಿಳಿಪಾಕವನ್ನು ನೂಲು ಇಳಿಬಿಟ್ಟು ದಿನಗಟ್ಟಲೆ ಸುಮ್ಮನೆ ಬಿಟ್ಟರೆ ಕಲ್ಲುಸಕ್ಕರೆ, ಗಟ್ಟಿಪಾಕವನ್ನು ತಟ್ಟೆಗೆ ಸುರಿದು ಥಟ್ಟನೆ ಆರಿಸಿದರೆ ಪೆಪ್ಪರಮೆಂಟು. ಒಂದೇ ಸಕ್ಕರೆ, ಒಂದರಲ್ಲಿ ಕಣಗಳಿಗೆ ಸಾಲುಗಟ್ಟಲು ಪುರುಸೊತ್ತು ಸಿಕ್ಕಿತು, ಇನ್ನೊಂದರಲ್ಲಿ ಸಿಗಲಿಲ್ಲ. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಬಂಡೆಗಳು ಕಲ್ಲುಸಕ್ಕರೆಯ ಕಡೆಯವು. ಸುಮಾರು 260 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಶಿಲಾಪಾಕ ಅತಿ ನಿಧಾನವಾಗಿ ಆರಿದ್ದರಿಂದ ಗ್ರಾನೈಟಿನಲ್ಲಿ ಬೆಣಚಿನ ಹರಳುಗಳು ಬಿಡಿಬಿಡಿಯಾಗಿ ಬೆಳೆದವು. ಸಂಜೆ ಬಿಸಿಲಿಗೆ ಅವೂ ಮಿನುಗುತ್ತವೆ. ಮತ್ತೋಡಿನ ಬಳೆಗೆ ಆರಲು ಸಿಕ್ಕಿದ್ದು ಕೆಲವು ಕ್ಷಣ. ಕಣಗಳು ದ್ರವದಲ್ಲಿದ್ದ ಚೆಲ್ಲಾಪಿಲ್ಲಿಯಲ್ಲೇ ನಿಂತುಬಿಟ್ಟವು. ಮುಟ್ಟಿದರೆ ಘನ, ಒಳಗಿನ ಜೋಡಣೆ ದ್ರವದ್ದು. (ಗಾಜು ಈಗಲೂ ಮೆಲ್ಲಗೆ ಹರಿಯುತ್ತದೆ, ಹಳೇ ಕಿಟಕಿಯ ಗಾಜು ಅದಕ್ಕೇ ಕೆಳಗೆ ದಪ್ಪ ಎನ್ನುವವರಿದ್ದಾರೆ. ಅದು ಕಟ್ಟುಕತೆ; ಹಿಂದೆ ಗಾಜಿನ ಹಾಳೆ ಒಂದೇ ಸಮ ಬರುತ್ತಿರಲಿಲ್ಲ, ಅಷ್ಟೆ.)

ಘನ, ದ್ರವ, ಅನಿಲ ಎಂದು ಮೂರು ಮನೆ ಕಟ್ಟಿ ಕೂತ ಪಾಠಕ್ಕೆ ಗಾಜು ಒಗ್ಗುವುದಿಲ್ಲ. ಮಂಜುಗಡ್ಡೆ ಸೊನ್ನೆ ಡಿಗ್ರಿಗೆ ಬಂತೆಂದರೆ ಕರಗಿತು. ನಡುವೆ ಮೆತ್ತಗಾಗುವ ಮಾತಿಲ್ಲ. ಗಾಜಿಗೆ ಅಂಥ ಗೆರೆಯಿಲ್ಲ. ಕಾವೇರಿದಂತೆ ಬಿಗಿ ಸಡಿಲಿ ಮೇಣವಾಗುತ್ತದೆ, ಆಮೇಲೆ ಜೇನು. ಬಳೆಗಾರಿಕೆ ನಿಂತಿರುವುದೇ ಈ ನಡುವಿನ ಹದದ ಮೇಲೆ. ಬೆಸುಗೆಯಿಲ್ಲದ ಬಳೆ ಮಾಡುವ ಹಳೆಯ ಕ್ರಮದಲ್ಲಿ ಕಬ್ಬಿಣದ ಸಲಾಕೆಯ ತುದಿಗೆ ಗಾಜಿನ ಉಂಡೆ ಹತ್ತಿಸಿ, ಅದಕ್ಕೆ ತೂತು ಮಾಡಿ, ತಿರುಗಿಸುತ್ತ ತಿರುಗಿಸುತ್ತ ಉಂಗುರ ಹಿಗ್ಗಿಸಿ, ಕಡೆಗೆ ಶಂಕುವಿನಾಕಾರದ ಮಣ್ಣಿನ ಅಚ್ಚಿನ ಮೇಲೇರಿಸಿ ಅಳತೆಗೆ ತರುತ್ತಾರೆ. ಕಾವು ಹೆಚ್ಚಿದರೆ ಉಂಗುರ ಜೋತುಬೀಳುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಥರ್ಮಾಮೀಟರು ಇಲ್ಲದ ಕಾಲ. ಹದ ತಿಳಿಯುವುದು ಉರಿಯ ಬಣ್ಣದಿಂದ, ಕೈಗೆ ಸಿಗುವ ಬಿಗಿಯಿಂದ.

ಬಣ್ಣದ ಮಾತು ಬೇರೆಯೇ ಒಂದು ಹಬ್ಬ. ತಾಮ್ರವನ್ನೇ ತೆಗೆದುಕೊಳ್ಳಿ, ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಅದರ ಅದಿರಿದೆ. ಕುಲುಮೆಗೆ ಗಾಳಿ ಚೆನ್ನಾಗಿ ಆಡುತ್ತಿದ್ದರೆ ತಾಮ್ರ ಗಾಜಿಗೆ ಹಸಿರೋ ನೀಲಿಯೋ ಕೊಡುತ್ತದೆ. ಗಾಳಿ ಕಟ್ಟಿ ಹೊಗೆಯಾಡಿಸಿದರೆ ಆಮ್ಲಜನಕ ಕಳೆದುಕೊಂಡು ಅದೇ ತಾಮ್ರ ದಟ್ಟ ಕೆಂಪು. ಮುತ್ತೈದೆಯ ಹಸಿರಿಗೂ ಕೆಂಪಿಗೂ ನಡುವೆ ಇರುವುದು ಕುಲುಮೆಯ ಉಸಿರು. ಮ್ಯಾಂಗನೀಸು ಹೆಚ್ಚಿದರೆ ನೇರಳೆ, ಇನ್ನೂ ಹೆಚ್ಚಿದರೆ ಕಪ್ಪು.

ಮತ್ತೋಡಿನ ಗಾಜು ಒರಟು, ಬೆಳಕು ಹಾಯುವುದಿಲ್ಲ ಎಂಬರ್ಥದ ಮಾತನ್ನು ಬುಕಾನನ್ ಬರೆದಿದ್ದಾನೆ. ಕಿಟಕಿಯ ಗಾಜಿಗೆ ಹಾಕುವ ಅಳತೆಗೋಲನ್ನು ಬಳೆಗೆ ಹಾಕಿದರೆ ಹಾಗೇ ಆಗುತ್ತದೆ. ಬಳೆಯ ಆಚೆಗೆ ನೋಡುವುದೇನಿದೆ? ಮುಂಗೈ. ಬೆಳಕನ್ನು ಹಾಯಗೊಡದೆ ಮೈಮೇಲೇ ಉರುಳಿಸುವ ಗಾಜೇ ಮುಂಗೈಗೆ ಒಪ್ಪುವಂಥದ್ದು. ಜೊತೆಗೆ ಕರಿಗಾಜು ಪೂರ್ತಿ ಕಪ್ಪಲ್ಲ. ಮುರಿದ ಅಂಚು ತೆಳುವಾಗಿದ್ದಲ್ಲಿ ಬೆಳಕಿಗೆ ಹಿಡಿದರೆ, ಮ್ಯಾಂಗನೀಸಿನದಾದರೆ ನೇರಳೆ, ಕಬ್ಬಿಣದ್ದಾದರೆ ಕಂದುಹಸಿರು ಹೊರಬರುತ್ತದೆ. ಐದು ಬಣ್ಣದಲ್ಲಿ ನನ್ನ ಮತ ಇದಕ್ಕೇ.

ಬರೀ ಬೆರಕೆ ಹೇಗಿರುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಚಿತ್ರದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ಹೊಂಡವನ್ನೂ ಅದರ ಭಾರೀ ಕಲ್ಲುಗಳನ್ನೂ ನೋಡಿಯೇ ಇರುತ್ತೀರಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಎಷ್ಟು ನುಣ್ಣಗೆ ಅರೆದರೂ ಬೇರೆಬೇರೆಯಾಗಿಯೇ ಇರುತ್ತವೆ. ಕಿಡಿ ತಾಗುವವರೆಗೆ ಅದು ಬರೀ ಬೆರಕೆ. ಮತ್ತೋಡಿನ ಮೂಸೆಯೊಳಗಿನದು ಬೆರಕೆಯ ಹಂತ ದಾಟಿದ್ದು. ಒಂದೇ ಜಿಲ್ಲೆಯಲ್ಲಿ ಎರಡಕ್ಕೂ ಉದಾಹರಣೆಯಿದೆ, ಮೇಷ್ಟರುಗಳು ಗಮನಿಸಬೇಕು.

ಇಂದಿನ ಬಳೆಯಂಗಡಿಗಳಲ್ಲಿರುವುದು ಬಹುಮಟ್ಟಿಗೆ ಉತ್ತರಪ್ರದೇಶದ ಫಿರೋಜಾಬಾದಿನ ಗಾಜು. ಅದೂ ಸೋಡಾ, ಸಿಲಿಕಾಗಳದ್ದೇ. ಹಿಂದೆ ಮನೆಯ ಹೆಣ್ಣುಮಕ್ಕಳು ಒಡೆದ ಬಳೆಚೂರುಗಳನ್ನು ದೀಪದ ಕುಡಿಗೆ ಹಿಡಿದು, ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲಿಗೆ ತೋರಣ ಮಾಡುತ್ತಿದ್ದರು. ನಿಮ್ಮ ಮನೆಯಲ್ಲಿ ಚೂರುಗಳಿದ್ದರೆ ಎಸೆಯಬೇಡಿ. ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಉರಿಯಲ್ಲಿ ಸಾವಕಾಶವಾಗಿ ಕಾಯಿಸಿ; ಅವಸರ ಮಾಡಿದರೆ ಸಿಡಿಯುತ್ತದೆ, ಕಣ್ಣು ಜೋಪಾನ. ಬಾಗುವ ಮುಂಚೆ ಇಕ್ಕಳದ ತುದಿಗೆ ಒಂದು ಸಣ್ಣ ಸಡಿಲು ತಿಳಿಯುತ್ತದೆ. ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.