ನೀರನ್ನರಿತ ದಳಪತಿ

ಲಾಳದ ವಿಚಾರವನ್ನು ಈ ವಾರ ಮುಗಿಸುವೆನೆಂದು ಮಾತು ಕೊಟ್ಟಿದ್ದೆನಾದರೂ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಜಟಕಾದ ಮುದಿಗುದುರೆಯೊಂದು ತೊಟ್ಟಿಗೆ ಮೂತಿಯಿಟ್ಟು, ಒಮ್ಮೆ ಉಸಿರೂದಿ ತೇಲುತ್ತಿದ್ದ ಹೊಟ್ಟನ್ನು ಸರಿಸಿ, ಗುಟುಕುಗುಟುಕಿಗೂ ಕಿವಿಯಲುಗಿಸುತ್ತ ನೀರು ಕುಡಿದುದನ್ನು ಕಂಡ ಮೇಲೆ ಲಾಳ ಮರೆತುಹೋಯಿತು. ಆಸ್ಟ್ರೇಲಿಯದ ಸೇನಾನಿ ಹ್ಯಾರಿ ಶೋವೆಲ್ ನೆನಪಾದನು.

ಆತನು ನಮಗೆ ತೀರ ಪರಕೀಯನೇನಲ್ಲ. 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟದ ಕಲ್ಲುದಾರಿಯನ್ನೇರಿ, ಜೋಧಪುರದವರೊಡಗೂಡಿ ಹೈಫಾವನ್ನು ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಈತನ ಮರುಭೂಮಿ ಅಶ್ವಸೇನೆಗೇ ಸೇರಿದ್ದವರು. 1865ರಲ್ಲಿ ನ್ಯೂ ಸೌತ್ ವೇಲ್ಸಿನ ಟಬುಲಮ್ ಎಂಬಲ್ಲಿ ದನಗಾಹಿ ಮನೆತನದಲ್ಲಿ ಹುಟ್ಟಿ, ಬೋಅರ್ ಯುದ್ಧವನ್ನೂ ಗಲಿಪೊಲಿಯನ್ನೂ ಕಂಡು, 1917ರಲ್ಲಿ ಸೇನಾ ಕೋರೊಂದನ್ನು ನಡೆಸಿದ ಮೊದಲ ಆಸ್ಟ್ರೇಲಿಯನ್ ಎನಿಸಿ, 1929ರಲ್ಲಿ ತನ್ನ ನಾಡಿನ ಮತ್ತೊಬ್ಬ ಸೇನಾನಿ ಮೊನಾಶನೊಡನೆ ಜನರಲ್ ಪದವಿಗೇರಿದನು. ಪದವಿಗಳ ಮಾತು ಇಷ್ಟು ಸಾಕು.

ಮೊಗಲ್ ಸುಬೆಯ ವೈಭವವನ್ನು ಇಂದಿಗೂ ಮೆಲುಕುಹಾಕುವ ಶಿರಾದ ನನ್ನ ಭಲ್ಲೆಪಂಥದ ಮಿತ್ರರು, ಅಶ್ವಯುದ್ಧವೆಂದರೆ ನುಗ್ಗಾಟವೆಂದೇ ನಂಬಿದವರು, 1917ರ ಅಕ್ಟೋಬರ್ 31ರಂದು ಶೋವೆಲನ ಸವಾರರು ತುರ್ಕರ ಮೇಲೆ ನಡೆಸಿದ ಬೀರ್‌ಶೆಬಾದ ದಾಳಿಯನ್ನು ನನ್ನೆದುರು ಹಿಡಿಯುವುದುಂಟು. ಹಿಡಿಯಲಿ! ಅಂದು ನುಗ್ಗಿದವರ ಕೈಯಲ್ಲಿ ಖಡ್ಗವೂ ಇರಲಿಲ್ಲ, ಭಲ್ಲೆಯೂ ಇರಲಿಲ್ಲ. ಬಂದೂಕಿನ ತುದಿಯ ಸನೀನನ್ನು ಕಿತ್ತು ಕೈಯಲ್ಲಿ ಹಿಡಿದಿದ್ದರು. ರಾತ್ರಿಯೆಲ್ಲ ನಡೆದುಬಂದ ಕುದುರೆಗಳು ಬಾಯಾರಿದ್ದವು, ಹೊತ್ತು ಇಳಿಯುತ್ತಿತ್ತು, ಬಾವಿಗಳು ಊರೊಳಗಿದ್ದವು. ಆದುದರಿಂದಲೇ ಶೋವೆಲನು ತನ್ನ ಕೈಕೆಳಗಿನ ಗ್ರಾಂಟನ ಸವಾರದಳವನ್ನು ನೇರವಾಗಿ ಬಿಟ್ಟನು. ಹಿಂದಿನ ವರ್ಷ ಮಗ್ದಾಬಾದಲ್ಲಿ ಇದೇ ಸೇನಾನಿ ನೀರಿಲ್ಲದ ಕುದುರೆಗಳನ್ನು ನೆನೆದು ಹಿಮ್ಮೆಟ್ಟಲು ಆಜ್ಞೆಯಿತ್ತಿದ್ದನು. ಕೈಕೆಳಗಿನ ಕಾಕ್ಸ್ ಅದನ್ನು ಕಂಡೂ ಕಾಣದವನಂತಿದ್ದು ಗೆಲವನ್ನು ತಂದನೆಂಬುದು ಬೇರೆಯ ಮಾತು. ಪಾವಗಡದಲ್ಲಿ ಹಗ್ಗವನ್ನು ಇಳಿಬಿಟ್ಟು, ಕೊಡ ತಳ ಮುಟ್ಟುವ ಸದ್ದನ್ನು ಕಿವಿಗೊಟ್ಟು ಕೇಳಿದವರು ಆ ಆಜ್ಞೆಯನ್ನು ಹೇಡಿತನವೆನ್ನಲಾರರು. ಅಭಿನವಚಂದ್ರನ ‘ಅಶ್ವವೈದ್ಯ’ವನ್ನು ಪೂಜಿಸುವ ನನಗಂತೂ ಬೀರ್‌ಶೆಬಾಕ್ಕಿಂತ ಮಗ್ದಾಬಾವೇ ಪ್ರಿಯ.

ಯುದ್ಧ ಮುಗಿದ ಮೇಲೆ ಆ ಕುದುರೆಗಳು ತವರಿಗೆ ಮರಳಲಿಲ್ಲ. ಸಮುದ್ರ ದಾಟಿಹೋದ ಲಕ್ಷಕ್ಕೂ ಮಿಕ್ಕ ಪ್ರಾಣಿಗಳಲ್ಲಿ ಮನೆಯ ಮೊಗ ಕಂಡುದು ಸ್ಯಾಂಡಿ ಎಂಬುದೊಂದೇ, ಅದೂ ಗಲಿಪೊಲಿಯಲ್ಲಿ ಗಾಯಗೊಂಡು ಮಡಿದ ಜನರಲ್ ಬ್ರಿಜೆಸನದು. ಉಳಿದವುಗಳಲ್ಲಿ ಮುದಿಯಾದುವಕ್ಕೆ ಗುಂಡಿಕ್ಕಿದರು. ಗಟ್ಟಿಯಾದುವುಗಳಲ್ಲಿ ಎಷ್ಟನ್ನೋ ಭಾರತದ ರಿಸಾಲೆಗಳಿಗೆ ದಾಟಿಸಿದರು. ಜಾತ್ರೆಯ ಆ ಮುದಿಗುದುರೆಯ ಎತ್ತರದ ಭುಜವನ್ನು ನೋಡಿ, ಇದು ಯಾವ ಕಡೆಯ ತಳಿಯೆಂದು ಜಟಕಾದವನನ್ನು ಕೇಳಿದೆನು. “ಕೊರಟಗೆರೆಯದು, ಸ್ವಾಮಿ” ಎಂದನು.